ನಾಟಕಕ್ಕೆ ಬರುವವರು ಒಂದೇ ಥರ ಇರಲ್ಲ, ಯಾರನ್ನು ಹೇಗೆ ಕರೆಯೋದು?

ಮೂರನೇ ಬೆಲ್

ಎಲ್ಲರಿಗೂ ನಮಸ್ಕಾರ. ಮಧ್ಯಮ ಗಾತ್ರದ ಒಂದು ರಂಗಮಂದಿರದ ಕಮಿಟಿಯಲ್ಲಿ ನಾನೂ ಇದ್ದೇನೆ. ವರ್ಷಪೂರ್ತಿ ನಾಟಕ ನಡೆಯುತ್ತದೆ, ಆದರೆ ಬಹುಪಾಲು ಬರುವುದು ಅದೇ ಮುಖಗಳು. ಈಗ "ಹೊಸ ಪ್ರೇಕ್ಷಕರನ್ನು ತರಬೇಕು" ಅಂತ ಮಾತು ಶುರುವಾಗಿದೆ. ಒಂದು ಪಟ್ಟಿಯೂ ರೆಡಿಯಾಗಿದೆ: ಮಕ್ಕಳು, ಯುವಕರು, ಕುಟುಂಬದವರು, ಹಿರಿಯರು. ಒಂದೊಂದು ಗುಂಪಿಗೂ ಒಂದೊಂದು ಪೋಸ್ಟರು, ಒಂದೊಂದು ರಿಯಾಯಿತಿ.

ನನಗೆ ಈ ಪಟ್ಟಿ ಮೇಲೆ ಯಾಕೋ ನಂಬಿಕೆ ಬರುತ್ತಿಲ್ಲ. ಕಾಲೇಜು ಹುಡುಗರೆಲ್ಲ ಒಂದೇನಾ? ಒಬ್ಬನಿಗೆ ನಾಟಕ ನೋಡುವ ಆಸೆ ಇದೆ, ಜೇಬಲ್ಲಿ ದುಡ್ಡಿಲ್ಲ. ಇನ್ನೊಬ್ಬನ ಹತ್ತಿರ ದುಡ್ಡಿದೆ, ನಾಟಕ ಅಂದರೆ ಬೋರು ಅಂತ ತಲೆಯಲ್ಲಿ ಕೂತಿದೆ. ಇಬ್ಬರಿಗೂ ಒಂದೇ ಡಿಸ್ಕೌಂಟ್ ಕೊಟ್ಟರೆ ಮೊದಲನೆಯವನು ಬರಬಹುದು, ಎರಡನೆಯವನು ಅಲ್ಲಾಡುವುದಿಲ್ಲ. ವಯಸ್ಸು ನೋಡಿ ಗುಂಪು ಮಾಡುವ ಬದಲು, ಬರದೇ ಇರುವುದಕ್ಕೆ ಏನು ಅಡ್ಡಿ ಅಂತ ನೋಡಿ ಗುಂಪು ಮಾಡಿದರೆ ಹೇಗೆ?

ಅನುಭವ ಇರುವವರು ಹೇಳಿ. ಸಿನಿಮಾ ಥಿಯೇಟರ್ ವಿಷಯ ಸದ್ಯಕ್ಕೆ ಬೇಡ, ನಾಟಕದ ಮಟ್ಟಿಗೆ ಮಾತಾಡೋಣ.

ಕೌಂಟರ್ ಕಿಟಕಿ

ಟಿಕೆಟ್ ಕೌಂಟರ್‌ನಲ್ಲಿ ಕೂತು ಕೂದಲು ನರೆತವನು ನಾನು, ಹಾಗಾಗಿ ಹೇಳುತ್ತೇನೆ. ಫೋನ್ ಮಾಡುವವರು ಜಾಸ್ತಿ ಕೇಳುವುದು ಕಥೆ ಏನು, ನಟರು ಯಾರು ಅಂತ ಅಲ್ಲ. "ಎಷ್ಟು ಹೊತ್ತಿಗೆ ಮುಗಿಯುತ್ತೆ?" ಅಂತ. ಕೊನೇ ಬಸ್ಸು ಹಿಡಿಯಬೇಕು, ಮಗು ನೋಡಿಕೊಳ್ಳುವವರನ್ನು ಕಳಿಸಬೇಕು, ಬೆಳಿಗ್ಗೆ ಬೇಗ ಡ್ಯೂಟಿಗೆ ಹೋಗಬೇಕು. ಪೋಸ್ಟರಿನಲ್ಲಿ ಶುರುವಾಗುವ ಹೊತ್ತು ದಪ್ಪಕ್ಷರದಲ್ಲಿರುತ್ತದೆ. ಮುಗಿಯುವ ಹೊತ್ತು ಎಲ್ಲೂ ಇರಲ್ಲ. ಅದನ್ನು ಹಾಕುವುದಕ್ಕೆ ಒಂದು ಪೈಸೆ ಖರ್ಚಿಲ್ಲ.

ಎರಡನೆಯದು, ಟಿಕೆಟ್ ತಗೊಳ್ಳುವವರು ಒಬ್ಬರು, ಬಂದು ಕೂರುವವರು ನಾಲ್ಕು ಜನ. ಆ ನಾಲ್ವರಲ್ಲಿ ಇಬ್ಬರನ್ನು ಎಳೆದುಕೊಂಡು ಬಂದಿರುತ್ತಾರೆ. ನಾವು ಪ್ರಚಾರ ಮಾಡುವುದೆಲ್ಲ ಆ ಒಬ್ಬರಿಗೇ. ಅವರಿಗೆ ನಾಟಕ ಹೇಗಿದೆ ಅನ್ನುವುದಕ್ಕಿಂತ "ನಾನು ಕರ್ಕೊಂಡು ಬಂದವರು ನನ್ನನ್ನು ಬೈಯಲ್ಲ ತಾನೇ" ಅನ್ನುವುದೇ ದೊಡ್ಡ ಚಿಂತೆ. ಹಾಗಾಗಿ "ಅದ್ಭುತ ದೃಶ್ಯಕಾವ್ಯ" ಅಂತ ಬರೆದರೆ ಅವರಿಗೆ ಏನೂ ಉಪಯೋಗ ಇಲ್ಲ. ನಗು ಇದೆಯಾ, ಎಷ್ಟು ವಯಸ್ಸಿನ ಮಕ್ಕಳು ನೋಡಬಹುದು, ಜೋರು ಸದ್ದು, ಬೈಗುಳ, ರಕ್ತ ಏನಾದರೂ ಇದೆಯಾ, ಇಂಟರ್‌ವಲ್ ಎಷ್ಟು ಹೊತ್ತು? ಇದನ್ನು ನೆಟ್ಟಗೆ ಬರೆಯಿರಿ.

ಹಳೇ ಪರದೆ

ಒಂದೇ ಸೂರಿನಡಿ ಬೇರೆ ಬೇರೆ ಥರದವರನ್ನು ಕೂರಿಸುವುದು ಹೊಸ ತಲೆನೋವೇನಲ್ಲ. 1599ರಲ್ಲಿ ಥಾಮಸ್ ಪ್ಲ್ಯಾಟರ್ ಅನ್ನುವ ಸ್ವಿಸ್ ಪ್ರವಾಸಿ ಲಂಡನ್ನಿನಲ್ಲಿ ನಾಟಕ ನೋಡಿ, ಟಿಕೆಟ್ ವ್ಯವಸ್ಥೆಯನ್ನೂ ಬರೆದಿಟ್ಟಿದ್ದಾನೆ. ಅಂಗಳದಲ್ಲಿ ನಿಂತು ನೋಡಿದರೆ ಒಂದು ಪೆನ್ನಿ. ಕೂರಬೇಕಾದರೆ ಇನ್ನೊಂದು ಬಾಗಿಲಲ್ಲಿ ಇನ್ನೊಂದು ಪೆನ್ನಿ. ಮೆತ್ತೆ ಹಾಕಿದ ಒಳ್ಳೆ ಜಾಗ ಬೇಕಾದರೆ ಮತ್ತೊಂದು ಬಾಗಿಲು, ಮತ್ತೊಂದು ಪೆನ್ನಿ. ಒಳಗೆ ಹೋಗ್ತಾ ಹೋಗ್ತಾ ದುಡ್ಡು ಕೊಡುವುದು. ಎಷ್ಟು ಸರಳ ನೋಡಿ.

ಅಲ್ಲಿ ನಿಂತು ನೋಡುವವರಿಗೆ ಸಿಕ್ಕಿದ್ದು ವೇದಿಕೆಗೆ ಅಂಟಿಕೊಂಡ ಜಾಗ. ಕಡಿಮೆ ದುಡ್ಡು ಕೊಟ್ಟವರು ನಟನ ಕಾಲ ಹತ್ತಿರವೇ ಇರುತ್ತಿದ್ದರು. ಹಳೆಯದರ ಮಾದರಿಯಲ್ಲೇ ಕಟ್ಟಿ 1997ರಲ್ಲಿ ತೆರೆದ ಲಂಡನ್ನಿನ ಈಗಿನ ಗ್ಲೋಬ್ ರಂಗಮಂದಿರದಲ್ಲೂ ಸುಮಾರು 700 ಜನ ಹಾಗೆ ನಿಂತು ನೋಡಬಹುದು, ಆ ಟಿಕೆಟ್ಟೇ ಅಲ್ಲಿ ಎಲ್ಲಕ್ಕಿಂತ ಅಗ್ಗ.

ಆಮೇಲೆ 19ನೇ ಶತಮಾನದಲ್ಲಿ ವೇದಿಕೆ ಮುಂದಿನ ಜಾಗಕ್ಕೇ ಬೆಲೆ ಬಂತು. 1880ರಲ್ಲಿ ಲಂಡನ್ನಿನ ಹೇಮಾರ್ಕೆಟ್ ಥಿಯೇಟರ್‌ನಲ್ಲಿ, ಅದನ್ನು ನಡೆಸುತ್ತಿದ್ದ ಬ್ಯಾಂಕ್ರಾಫ್ಟ್ ದಂಪತಿ ಕೆಳಗಿನ ಅಗ್ಗದ ಜಾಗವನ್ನು, ಅಂದರೆ 'ಪಿಟ್' ಅನ್ನು ತೆಗೆದು, ಅಲ್ಲಿ ದುಬಾರಿ ಕುರ್ಚಿ ಹಾಕಿಸಿದರು. ಮೊದಲ ದಿನ ಪರದೆ ಎದ್ದರೂ ನಾಟಕ ಶುರು ಮಾಡಲು ಬಿಡಲಿಲ್ಲ ಜನ. "ಪಿಟ್ ಎಲ್ಲಿ?" ಅಂತ ಒಂದೇ ಕೂಗು. ಗ್ಯಾಲರಿಯವರಿಗೆ, ಅಂದರೆ ಮೇಲಿನ ಅಗ್ಗದ ಸೀಟಿನವರಿಗೆ, ಬೇರೆ ಬಾಗಿಲು, ಬೇರೆ ಮೆಟ್ಟಿಲು, ಅದೂ ಪಕ್ಕದ ಗಲ್ಲಿಯಿಂದ, ಅನ್ನುವ ಕಟ್ಟಡಗಳೂ ಆ ಕಾಲದವೇ. ಬೇರೆ ಬೇರೆ ಥರದವರಿಗೆ ವ್ಯವಸ್ಥೆ ಮಾಡುವುದು ಒಂದು, ಅವರನ್ನು ಬೇರೆ ಬೇರೆ ಮಾಡಿ ಇಡುವುದು ಇನ್ನೊಂದು. ನಿಮ್ಮ ಕಮಿಟಿಯವರು ಇದನ್ನು ಗಮನದಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಕೊನೇ ಸಾಲು

ದುಡ್ಡಿಲ್ಲದ ಸ್ಟೂಡೆಂಟ್ ಕಡೆಯಿಂದ ಒಂದು ಮಾತು. ನಮಗೆ ಕೊಡುವ ಸೀಟು ಯಾವಾಗಲೂ ಕಂಬದ ಹಿಂದೆ ಇಲ್ಲಾ ಕೊನೇ ಸಾಲು. (ನನ್ನ ಹೆಸರೇ ಸಾಕ್ಷಿ.) 1996ರಲ್ಲಿ ನ್ಯೂಯಾರ್ಕಿನಲ್ಲಿ 'ರೆಂಟ್' ನಾಟಕ ಬಂದಾಗ ಮುಂದಿನ ಎರಡು ಸಾಲುಗಳನ್ನು ಅದೇ ದಿನ ಬಂದು ಕ್ಯೂ ನಿಂತವರಿಗೆ 20 ಡಾಲರ್‌ಗೆ ಕೊಟ್ಟರಂತೆ. ಕ್ಯೂ ಕೈಮೀರಿ ಹೋದಾಗ ಲಾಟರಿ ಎತ್ತುವ ಪದ್ಧತಿ ತಂದರು. ಮುಂದಿನ ಸಾಲಲ್ಲಿ ಹುಚ್ಚೆದ್ದು ಚಪ್ಪಾಳೆ ಹೊಡೆಯುವ ಹುಡುಗರು ಇದ್ದರೆ ನಟರಿಗೂ ಖುಷಿ ಅಲ್ವಾ?

ಬಣ್ಣದ ಡಬ್ಬಿ

ನಟನಾಗಿ ಹೇಳುತ್ತೇನೆ, ಖುಷಿ ನಿಜ. ಆದರೆ ಅಗ್ಗದ ಟಿಕೆಟ್‌ನಿಂದ ಹೊಸಬರು ಬರುತ್ತಾರೆ ಅನ್ನುವುದು ಅರ್ಧ ಸತ್ಯ. ಟಿಕೆಟ್ ಅಗ್ಗ ಆಗಿದೆ ಅನ್ನುವ ಸುದ್ದಿ ಮೊದಲು ಮುಟ್ಟುವುದು ಯಾರಿಗೆ? ನಮ್ಮ ಹಳೇ ಪ್ರೇಕ್ಷಕರಿಗೆ. ಮೇಲಿಂದ ಅವರೇ ಮೊದಲು ಬುಕ್ ಮಾಡುತ್ತಾರೆ. ಕೊನೆಗೆ ಅದೇ ಮುಖಗಳು, ಕಡಿಮೆ ದುಡ್ಡಿಗೆ. ಕಲೆಕ್ಷನ್ ಮಾತ್ರ ಇಳಿಯಿತು.

ಇನ್ನು ಫ್ರೀ ಪಾಸ್ ವಿಷಯ ಮಾತಾಡಲೇಬಾರದು. ಪಾಸ್ ತಗೊಂಡವರಲ್ಲಿ ಎಷ್ಟೋ ಜನ ಬರುವುದೇ ಇಲ್ಲ. ಲಿಸ್ಟ್ ಪ್ರಕಾರ ಹೌಸ್‌ಫುಲ್, ವೇದಿಕೆ ಮೇಲಿಂದ ನೋಡಿದರೆ ಹಲ್ಲುದುರಿದ ಬಾಯಿ ಥರ ಖಾಲಿ ಸೀಟುಗಳು.

ಕೌಂಟರ್ ಕಿಟಕಿ

@ಬಣ್ಣದ ಡಬ್ಬಿ, ಪಾಸ್ ವಿಷಯದಲ್ಲಿ ನೂರಕ್ಕೆ ನೂರು ಒಪ್ಪುತ್ತೇನೆ. ಒಂದು ಸಣ್ಣ ಮೊತ್ತವಾದರೂ ಕೊಟ್ಟವರು ಮಳೆ ಬಂದರೂ ಬರುತ್ತಾರೆ.

ಅಗ್ಗದ ಟಿಕೆಟ್ ವಿಷಯದಲ್ಲಿ ಮಾತ್ರ ಒಪ್ಪಲ್ಲ. ಅದರ ಗುಟ್ಟು ಬೆಲೆಯಲ್ಲಿಲ್ಲ, ಷರತ್ತಿನಲ್ಲಿದೆ. ಅವತ್ತಿನ ದಿನವೇ ಬರಬೇಕು, ಕ್ಯೂ ನಿಲ್ಲಬೇಕು, ಸಿಗುವ ಗ್ಯಾರಂಟಿ ಇಲ್ಲ. ಕೆಲಸಕ್ಕೆ ಹೋಗುವ, ಮೂರು ವಾರ ಮುಂಚೆ ಪ್ಲಾನ್ ಮಾಡುವ ಮನುಷ್ಯ ಈ ರಗಳೆ ಬೇಡ ಅಂತ ಪೂರ್ತಿ ದುಡ್ಡು ಕೊಟ್ಟೇ ಬುಕ್ ಮಾಡುತ್ತಾನೆ. ಸಮಯ ಇದ್ದು ದುಡ್ಡಿಲ್ಲದವನು ಕ್ಯೂ ನಿಲ್ಲುತ್ತಾನೆ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ 1973ರಿಂದ ಟಿಕೆಟಿಎಸ್ ಬೂತ್ ನಡೆಯುತ್ತಿರುವುದು ಈ ಲೆಕ್ಕದ ಮೇಲೇ. ಅವತ್ತು ಮಾರಾಟವಾಗದೆ ಉಳಿದ ಸೀಟುಗಳು ಅಲ್ಲಿ ಅರ್ಧ ಬೆಲೆವರೆಗೂ ಇಳಿಯುತ್ತವೆ. ಪರದೆ ಎದ್ದ ಮೇಲೆ ಖಾಲಿ ಸೀಟಿಗೆ ಬೆಲೆಯೇ ಇಲ್ಲವಲ್ಲ.

ಇನ್ನು ಕಂಬದ ಹಿಂದಿನ ಸೀಟು. ಅದನ್ನು ಮಾರುವುದು ತಪ್ಪಲ್ಲ, ಮುಚ್ಚಿಟ್ಟು ಮಾರುವುದು ತಪ್ಪು. "ಇಲ್ಲಿಂದ ವೇದಿಕೆಯ ಎಡಭಾಗ ಕಾಣಲ್ಲ" ಅಂತ ಬರೆದು ಬೆಲೆ ಇಳಿಸಿ. ತಗೊಳ್ಳುವವರು ಇದ್ದೇ ಇದ್ದಾರೆ, ಬಂದು ಜಗಳ ಆಡಲ್ಲ.

ಬುಕಿಂಗ್ ಕಮ್ಮಿ ಇರುವ ದಿನಕ್ಕೂ ಒಂದು ಕೆಲಸ ಇದೆ. ಬಾಲ್ಕನಿ ಮುಚ್ಚಿಬಿಡಿ. ಅಲ್ಲಿನವರನ್ನು ಅದೇ ಟಿಕೆಟ್‌ನಲ್ಲಿ ಕೆಳಗೆ ಕಳಿಸಿ. ಅಗ್ಗದ ಟಿಕೆಟ್ ತಗೊಂಡವರಿಗೆ ಒಳ್ಳೆ ಸೀಟು ಸಿಕ್ಕ ಸಂತೋಷ, ನಟರಿಗೆ ಎದುರಿಗೆ ಜನ ಕಾಣುತ್ತಾರೆ. ನಗು ಅನ್ನುವುದು ಪಕ್ಕದಲ್ಲಿ ಜನ ಇದ್ದರೆ ಮಾತ್ರ ಬರುತ್ತದೆ. ಚದುರಿ ಕೂತ ಸಭೆ ಹಾಸ್ಯ ನಾಟಕಕ್ಕೂ ನಗಲ್ಲ.

ಹಳೇ ಪರದೆ

ಬೆಲೆ ಇಳಿಸುವಾಗ ಯಾರೂ ಮಾತಾಡಲ್ಲ, ಏರಿಸುವಾಗ ಹುಷಾರಾಗಿರಿ. ಲಂಡನ್ನಿನ ಕೋವೆಂಟ್ ಗಾರ್ಡನ್ ಥಿಯೇಟರ್ 1808ರಲ್ಲಿ ಸುಟ್ಟುಹೋಯಿತು. ಮರುವರ್ಷ ಹೊಸದಾಗಿ ಕಟ್ಟಿ ತೆರೆದಾಗ ಖರ್ಚು ಸರಿದೂಗಿಸಲು ಟಿಕೆಟ್ ಬೆಲೆ ಏರಿಸಿದರು, ಶ್ರೀಮಂತರಿಗೆ ಖಾಸಗಿ ಬಾಕ್ಸ್‌ಗಳನ್ನು, ಅಂದರೆ ಸಣ್ಣ ಕೋಣೆಯಂಥ ಪ್ರತ್ಯೇಕ ಜಾಗಗಳನ್ನು, ಜಾಸ್ತಿ ಮಾಡಿದರು. ಜನ ದಿನಾ ಟಿಕೆಟ್ ತಗೊಂಡು ಒಳಗೆ ಬಂದು, ವೇದಿಕೆಗೆ ಬೆನ್ನು ಹಾಕಿ ಗಲಾಟೆ ಮಾಡಿದರು. 60ಕ್ಕೂ ಹೆಚ್ಚು ರಾತ್ರಿ ಇದೇ ಗದ್ದಲ! ಕೊನೆಗೆ ಮ್ಯಾನೇಜರ್ ಆಗಿದ್ದ ಪ್ರಸಿದ್ಧ ನಟ ಜಾನ್ ಕೆಂಬಲ್ ಸೋತು, ಪಿಟ್ ಟಿಕೆಟ್ಟನ್ನು ಹಳೇ ಬೆಲೆಗೇ ತಂದ. ಜನರನ್ನು ಕೆರಳಿಸಿದ್ದು ಬೆಲೆ ಒಂದೇ ಅಲ್ಲ. "ಈ ಜಾಗ ಇನ್ನು ನಿಮ್ಮದಲ್ಲ" ಅಂತ ಕಟ್ಟಡವೇ ಹೇಳಿದ ಹಾಗಿತ್ತು.

ಈಗ ವಿಮಾನದ ಟಿಕೆಟ್ ಥರ ಬೇಡಿಕೆ ನೋಡಿ ದಿನಾ ಬೆಲೆ ಬದಲಿಸುವ ಪದ್ಧತಿ ಎಷ್ಟೋ ಕಡೆ ಇದೆ. ಲೆಕ್ಕದ ಪ್ರಕಾರ ಸರಿ ಇರಬಹುದು. ಪಕ್ಕದ ಸೀಟಿನವರು ಅರ್ಧ ದುಡ್ಡಿಗೆ ಬಂದಿದ್ದಾರೆ ಅಂತ ಇಂಟರ್‌ವಲ್‌ನಲ್ಲಿ ಗೊತ್ತಾದರೆ ಮಾತ್ರ ನಾಟಕದ ಅರ್ಧ ರುಚಿ ಹೋಗುತ್ತದೆ.

ಅಮ್ಮನ ಡ್ಯೂಟಿ

ನನ್ನ ಮಗನಿಗೆ ಆಟಿಸಂ ಇದೆ. ನಮ್ಮ ಅಡ್ಡಿ ದುಡ್ಡಲ್ಲ. ಅಕ್ಕಪಕ್ಕದವರ ನೋಟ. ಅವನು ಖುಷಿಯಾದರೆ ಜೋರಾಗಿ ಕೂಗುತ್ತಾನೆ, ಎದ್ದು ಓಡಾಡುತ್ತಾನೆ. ಒಮ್ಮೆ ಯಾರೋ ತಿರುಗಿ "ಶ್" ಅಂದರೆ ಮುಗಿಯಿತು, ನಾನು ಅವನನ್ನು ಎತ್ತಿಕೊಂಡು ಹೊರಗೆ.

ಇಂಥವರಿಗಾಗಿಯೇ ಕೆಲವು ರಂಗಮಂದಿರಗಳು 'ರಿಲ್ಯಾಕ್ಸ್‌ಡ್ ಶೋ' ಮಾಡುತ್ತವೆ. ನಾಟಕ ಅದೇ, ಕತ್ತರಿ ಹಾಕಿರಲ್ಲ. ಸಭಾಂಗಣದ ದೀಪ ಪೂರ್ತಿ ಆರಿಸಲ್ಲ, ಮಂದ ಬೆಳಕು ಇರುತ್ತದೆ. ಬೆಚ್ಚಿಬೀಳಿಸುವ ಸದ್ದು, ಮಿಣಮಿಣ ಮಿಂಚುವ ಲೈಟು ಕಡಿಮೆ ಮಾಡುತ್ತಾರೆ. ಬಾಗಿಲು ತೆಗೆದೇ ಇರುತ್ತದೆ, ಯಾವಾಗ ಬೇಕಾದರೂ ಹೋಗಿ ಬರಬಹುದು. ಹೊರಗೆ ಸದ್ದಿಲ್ಲದ ಒಂದು ಕೋಣೆ. ಒಂದು ವಾರ ಮುಂಚೆಯೇ ಫೋಟೋ ಇರುವ ಒಂದು ಸಣ್ಣ ಪುಸ್ತಕ ಕಳಿಸುತ್ತಾರೆ: ಇದು ಬಾಗಿಲು, ಇಲ್ಲಿ ಟಿಕೆಟ್ ನೋಡುತ್ತಾರೆ, ಇವರು ರಾಕ್ಷಸನ ವೇಷ ಹಾಕುತ್ತಾರೆ, ವೇಷ ತೆಗೆದರೆ ಹೀಗೆ ಕಾಣುತ್ತಾರೆ. ಮಗ ಆ ಪುಟವನ್ನೇ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದ. ವೇದಿಕೆ ಮೇಲೆ ಆ ರಾಕ್ಷಸ ಬಂದಾಗ ಹೆದರಲಿಲ್ಲ, ಕೈ ಬೀಸಿದ.

ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳಿರುವ ಬ್ರಾಡ್‌ವೇನಲ್ಲಿ 2011ರಲ್ಲಿ 'ದಿ ಲಯನ್ ಕಿಂಗ್' ನಾಟಕಕ್ಕೆ ಮೊದಲ ಸಲ ಇಂಥ ಶೋ ಮಾಡಿದರು. ಈಗ ಎಷ್ಟೋ ದೇಶಗಳಲ್ಲಿದೆ.

ಬಣ್ಣದ ಡಬ್ಬಿ

ಮೇಡಂ, ನಿಮ್ಮ ಮಾತು ಮನಸ್ಸಿಗೆ ನಾಟಿತು. ಹಾಗಂತ ಒಂದು ಪ್ರಶ್ನೆ ಕೇಳದೇ ಇರಲಾರೆ. ಎಲ್ಲ ಶೋಗಳಲ್ಲೂ ಓಡಾಟ, ಫೋನು, ಮಾತು ನಡೆಯಲಿ ಅಂತ ಆದರೆ ಗಮನವಿಟ್ಟು ನೋಡಲು ಬಂದವರ ಗತಿ ಏನು? ಅವರೂ ಗಿರಾಕಿಗಳೇ ತಾನೇ. ಮೌನದ ದೃಶ್ಯದಲ್ಲಿ ಒಂದು ಫೋನ್ ಮಿಣುಕಿದರೆ ನನಗೆ ವೇದಿಕೆ ಮೇಲಿಂದಲೇ ಕಾಣುತ್ತದೆ, ಮುಖಕ್ಕೆ ಟಾರ್ಚ್ ಬಿಟ್ಟ ಹಾಗೆ.

ಅಮ್ಮನ ಡ್ಯೂಟಿ

ಎಲ್ಲ ಶೋ ಹಾಗಿರಲಿ ಅಂತ ನಾನೂ ಹೇಳಲ್ಲ ಸರ್. ಒಂದು ಶೋ ನಮಗೆ ಕೊಡಿ. ಟಿಕೆಟ್ ಮೇಲೆ ಸ್ಪಷ್ಟವಾಗಿ ಬರೆಯಿರಿ. ನಿಶ್ಶಬ್ದ ಬೇಕಾದವರು ಬೇರೆ ದಿನ ಬರುತ್ತಾರೆ. ಆಟಿಸಂ ಇರುವವರನ್ನು ಫೋನ್ ನೋಡುವವರಿಗೆ ಹೋಲಿಸುವುದು ಬೇಡ, ಫೋನ್ ನೋಡುವವರು ಬೇಕಂತಲೇ ಮಾಡುತ್ತಾರೆ.

ಹಳೇ ಪರದೆ

ಹಾಗೆ ನೋಡಿದರೆ ಕತ್ತಲಲ್ಲಿ ಉಸಿರು ಬಿಗಿಹಿಡಿದು ನಾಟಕ ನೋಡುವುದೇ ಈಚಿನ ಅಭ್ಯಾಸ. 1876ರಲ್ಲಿ ಸಂಗೀತಗಾರ ವಾಗ್ನರ್ ಜರ್ಮನಿಯ ಬೈರಾಯ್ಟ್‌ನಲ್ಲಿ ತನ್ನ ಥಿಯೇಟರ್ ತೆರೆದಾಗ ಸಭಾಂಗಣವನ್ನು ಕತ್ತಲು ಮಾಡಿ, ಪಕ್ಕದ ಬಾಕ್ಸ್‌ಗಳನ್ನೇ ಇಲ್ಲವಾಗಿಸಿ, ಎಲ್ಲರ ಮುಖ ವೇದಿಕೆ ಕಡೆ ತಿರುಗಿಸಿದ. ಅದಕ್ಕೂ ಮುಂಚೆ ಬಹುತೇಕ ಕಡೆ ದೀಪ ಉರಿಯುತ್ತಲೇ ಇರುತ್ತಿತ್ತು, ಜನ ನಾಟಕವನ್ನೂ ನೋಡುತ್ತಿದ್ದರು, ಒಬ್ಬರನ್ನೊಬ್ಬರೂ ನೋಡುತ್ತಿದ್ದರು. ರಿಲ್ಯಾಕ್ಸ್‌ಡ್ ಶೋ ಅಂದರೆ ಒಂದು ಲೆಕ್ಕದಲ್ಲಿ ಹಳೇ ಕಾಲದ ಮಾಮೂಲಿ ಶೋ.

ಸೌಂಡ್ ಡೆಸ್ಕ್

ಕಿವಿ ಮಂದವಾದವರ ಬಗ್ಗೆ ಯಾರೂ ಹೇಳಲಿಲ್ಲ. ಹಿರಿಯರು ನಾಟಕ ಬಿಡುವುದಕ್ಕೆ ಇದು ದೊಡ್ಡ ಕಾರಣ, ಆದರೆ ಬಾಯಿಬಿಟ್ಟು ಹೇಳಲ್ಲ. "ಈಗಿನ ನಾಟಕ ಚೆನ್ನಾಗಿರಲ್ಲ" ಅಂದುಬಿಡುತ್ತಾರೆ.

ಸೌಂಡ್ ಜೋರು ಮಾಡಿದರೆ ಪ್ರಯೋಜನ ಇಲ್ಲ. ಹಿಯರಿಂಗ್ ಏಡ್ ಹಾಕಿದವರಿಗೆ ಮಾತಿನ ಜೊತೆ ಕೆಮ್ಮು, ಫ್ಯಾನ್, ಪಕ್ಕದವರ ಚೀಲದ ಸದ್ದೆಲ್ಲ ಜೋರಾಗುತ್ತದೆ. ಅದಕ್ಕೇ ಇಂಡಕ್ಷನ್ ಲೂಪ್ ಇರುವುದು. ಸೀಟುಗಳ ಸುತ್ತ ನೆಲದಡಿ ಒಂದು ತಂತಿ ಓಡಿಸಿ, ವೇದಿಕೆ ಮೈಕಿನ ಸಿಗ್ನಲ್ ಅದಕ್ಕೆ ಕೊಡುತ್ತಾರೆ. ತಂತಿ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಹಿಯರಿಂಗ್ ಏಡ್‌ನಲ್ಲಿ 'ಟಿ' ಸೆಟ್ಟಿಂಗ್ ಇದ್ದರೆ ಅದು ನೇರವಾಗಿ ಹಿಡಿದುಕೊಳ್ಳುತ್ತದೆ. ನಟನ ಮಾತು ಸೀದಾ ಕಿವಿಗೆ, ನಡುವಿನ ಗಲಾಟೆ ಇಲ್ಲ.

ತಮಾಷೆ ಏನಂದರೆ ಲೂಪ್ ಇರುವ ಎಷ್ಟೋ ಕಡೆ ಅದನ್ನು ಆನ್ ಮಾಡುವವರೇ ಇರಲ್ಲ. ಇಲ್ಲವೇ ಯಾವ ಸಾಲಲ್ಲಿ ಕೆಲಸ ಮಾಡುತ್ತದೆ ಅಂತ ಕೌಂಟರ್‌ನವರಿಗೇ ಗೊತ್ತಿರಲ್ಲ. ಪ್ರತಿ ಶೋ ಮುಂಚೆ ಒಬ್ಬರು ರಿಸೀವರ್ ಹಿಡಿದು ಸಾಲು ಸಾಲು ನಡೆದು ಚೆಕ್ ಮಾಡಬೇಕು. ಉಪಕರಣ ತರುವುದಕ್ಕಿಂತ ಈ ಶಿಸ್ತು ತರುವುದೇ ಕಷ್ಟ.

ಕಣ್ಣು ಕಾಣದವರಿಗೆ ಇಯರ್‌ಫೋನಿನಲ್ಲಿ ವಿವರಣೆ ಕೊಡುವುದು ಹೊಸದೇನಲ್ಲ, ವಾಷಿಂಗ್ಟನ್‌ನ ಅರೀನಾ ಸ್ಟೇಜ್‌ನಲ್ಲಿ 1981ರಲ್ಲೇ ಶುರುವಾಯಿತು. ಮಾತಿನ ನಡುವಿನ ಸಂದಿನಲ್ಲಿ "ಅವಳು ಪತ್ರ ಬಚ್ಚಿಡುತ್ತಾಳೆ" ಅಂತ ಹೇಳಿ ಸುಮ್ಮನಾಗಬೇಕು. ಶೋಗೆ ಮುಂಚೆ ವೇದಿಕೆ ಮೇಲೆ ಕರೆದುಕೊಂಡು ಹೋಗಿ ಸೆಟ್ಟು, ಕಿರೀಟ, ಕತ್ತಿ ಎಲ್ಲ ಮುಟ್ಟಿಸುವುದೂ ಉಂಟು.

ಎಡಗಡೆ ಸೀಟು

ವೀಲ್‌ಚೇರ್ ಬಳಸುವವಳು. ರ‍್ಯಾಂಪ್ ಹಾಕಿದ ತಕ್ಷಣ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ವೀಲ್‌ಚೇರ್‌ನ ಎಲ್ಲ ಜಾಗವೂ ಒಂದೇ ಮೂಲೆಯಲ್ಲಿ ಇರುತ್ತದೆ, ಜೊತೆಗೆ ಬಂದವರನ್ನು ನಾಲ್ಕು ಸಾಲು ಹಿಂದೆ ಕೂರಿಸುತ್ತಾರೆ. ನಾನು ಗೆಳತಿಯ ಜೊತೆ ನಾಟಕಕ್ಕೆ ಬಂದಿದ್ದೇನೋ, ಗೋಡೆ ಜೊತೆ ಬಂದಿದ್ದೇನೋ?

ಇನ್ನೊಂದು, ಕೊನೆಗೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ ನೋಡಿ, ಆಗ ನನಗೆ ಕಾಣುವುದು ಬೆನ್ನುಗಳು ಮಾತ್ರ. ಮುಂದಿನ ಸಾಲಿಗಿಂತ ನಮ್ಮ ಜಾಗ ಸಾಕಷ್ಟು ಎತ್ತರ ಇರಬೇಕು. ಆನ್‌ಲೈನ್‌ನಲ್ಲಿ ಎಲ್ಲರೂ ಸೀಟು ಆರಿಸುತ್ತಾರೆ, ನಾವು ಮಾತ್ರ "ದಯವಿಟ್ಟು ಫೋನ್ ಮಾಡಿ". ಅದನ್ನು ಮೊದಲು ಸರಿ ಮಾಡಿ.

ನಿವೃತ್ತ ಓದುಗ

ಹಿರಿಯ ಪ್ರೇಕ್ಷಕರ ಲಿಸ್ಟಿಗೆ ನನ್ನನ್ನು ಸೇರಿಸಿಕೊಳ್ಳಿ. ನನಗೆ ರಿಯಾಯಿತಿ ಬೇಡ ಮಾರಾಯ್ರೇ, ಮಧ್ಯಾಹ್ನದ ಶೋ ಕೊಡಿ. ರಾತ್ರಿ ಗಾಡಿ ಓಡಿಸಲು ಆಗಲ್ಲ. ಮೆಟ್ಟಿಲ ಪಕ್ಕ ಹಿಡಿದುಕೊಳ್ಳಲು ಏನಾದರೂ ಇರಲಿ, ಮೆಟ್ಟಿಲ ಅಂಚಿಗೆ ಬೆಳಕಿರಲಿ. ಇಂಟರ್‌ವಲ್ ಹದಿನೈದು ನಿಮಿಷ ಅಂತೀರಿ, ನನ್ನ ಹೆಂಡತಿ ಟಾಯ್ಲೆಟ್ ಕ್ಯೂನಲ್ಲೇ ಹದಿನೈದು ನಿಮಿಷ ಕಳೆಯುತ್ತಾಳೆ. ಹೆಂಗಸರ ಟಾಯ್ಲೆಟ್ ಜಾಸ್ತಿ ಮಾಡಲು ಆಗದಿದ್ದರೆ ಇಂಟರ್‌ವಲ್ಲಾದರೂ ಉದ್ದ ಮಾಡಿ.

ಮಧ್ಯಾಹ್ನದ ಶೋಗೆ ಶಾಲೆ ಮಕ್ಕಳನ್ನೂ ತುಂಬಿಸುತ್ತಾರೆ. ನನಗೇನೂ ಬೇಜಾರಿಲ್ಲ, ಆದರೆ ಬುಕ್ ಮಾಡುವಾಗಲೇ ತಿಳಿಸಿ.

ಬಣ್ಣದ ಡಬ್ಬಿ

ಶಾಲೆ ಮಕ್ಕಳ ಶೋ ಅಂದರೆ ನಟರಿಗೆ ಅಗ್ನಿಪರೀಕ್ಷೆ. ಸುಳ್ಳು ಅಭಿನಯ ಮಾಡಿದರೆ ಆ ಕ್ಷಣವೇ ಕಾಲು ಅಲ್ಲಾಡಿಸಲು ಶುರು ಮಾಡುತ್ತಾರೆ. ದೊಡ್ಡವರು ಮರ್ಯಾದೆಗಾಗಿ ಸುಮ್ನೆ ಕೂರುತ್ತಾರೆ.

ಹೊಸಬ

ಮೊದಲ ಪೋಸ್ಟ್‌ನಲ್ಲಿ ಹೇಳಿದ ಎರಡನೇ ಹುಡುಗ ನಾನೇ ಅಂದುಕೊಳ್ಳಿ. ನಾಟಕಕ್ಕೆ ಹೋಗಲು ನನಗೆ ಬೋರಿಗಿಂತ ಭಯ ಜಾಸ್ತಿ. ಯಾವಾಗ ಚಪ್ಪಾಳೆ ಹೊಡೆಯಬೇಕು, ಲೇಟಾದರೆ ಒಳಗೆ ಬಿಡುತ್ತಾರಾ, ಇಷ್ಟವಾಗದಿದ್ದರೆ ಎದ್ದು ಹೋಗಬಹುದಾ, ಅಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುತ್ತಾರಲ್ಲ ನಾನು ಯಾರ ಹತ್ತಿರ ನಿಲ್ಲಲಿ. ನಗಬೇಡಿ!

ಹಳೇ ಪರದೆ

ನಗಲ್ಲಪ್ಪ. ಜಪಾನಿನ ಹಳೇ ಸಾಂಪ್ರದಾಯಿಕ ನಾಟಕ ಕಬುಕಿ ಆಡುವ ಟೋಕಿಯೋದ ಕಬುಕಿ-ಝಾ ರಂಗಮಂದಿರದಲ್ಲಿ ನಿನ್ನಂಥವರಿಗೇ ಒಂದು ವ್ಯವಸ್ಥೆ ಇದೆ. ಕಬುಕಿ ಕಾರ್ಯಕ್ರಮ ಗಂಟೆಗಟ್ಟಲೆ ನಡೆಯುತ್ತದೆ. ಪೂರ್ತಿ ಬೇಡದವರಿಗೆ ಒಂದೇ ಅಂಕದ ಟಿಕೆಟ್ ಕೊಡುತ್ತಾರೆ. ಸೀಟು ಮೇಲಿನ ಮಹಡಿಯಲ್ಲಿ, ಬೆಲೆ ಕಡಿಮೆ. ಹಳೇ ಭಾಷೆ ಅರ್ಥವಾಗದವರಿಗೆ ಕಿವಿಯಲ್ಲಿ ವಿವರಣೆ ಹೇಳುವ ಗೈಡ್ ಬಾಡಿಗೆಗೆ ಸಿಗುತ್ತದೆ. ರುಚಿ ನೋಡಿ ಬೇಕಾದರೆ ಇನ್ನೊಮ್ಮೆ ಪೂರ್ತಿ ನೋಡು.

ಅರ್ಥವಾಗಲ್ಲ ಅನ್ನುವ ಭಯ ಕಳೆದರೆ ಎಷ್ಟು ಜನ ಹತ್ತಿರ ಬರುತ್ತಾರೆ ಅನ್ನುವುದಕ್ಕೆ ಹಾಡಿನಲ್ಲೇ ನಡೆಯುವ ನಾಟಕವಾದ ಒಪೆರಾ ಸಾಕ್ಷಿ. 1983ರಲ್ಲಿ ಟೊರೊಂಟೊದಲ್ಲಿ ಕೆನೆಡಿಯನ್ ಒಪೆರಾ ಕಂಪನಿ ವೇದಿಕೆ ಮೇಲ್ಗಡೆ ಹಾಡಿನ ಅರ್ಥವನ್ನು ಅಕ್ಷರದಲ್ಲಿ ತೋರಿಸಿತು. ಶುದ್ಧವಾದಿಗಳು ಮೂಗು ಮುರಿದರು. ಈಗ ಅದಿಲ್ಲದ ದೊಡ್ಡ ಒಪೆರಾ ಹೌಸ್ ಹುಡುಕಬೇಕು.

ಮೂರನೇ ಬೆಲ್

ಇಷ್ಟೊಂದು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಕಮಿಟಿ ಮುಂದೆ ಇಡಲು ಹೊಸ ಪಟ್ಟಿ ಬರೆಯುತ್ತಿದ್ದೇನೆ: ಹೊತ್ತು ಹೊಂದದವರು, ದುಡ್ಡು ಸಾಲದವರು, ಒಳಗೆ ಬರಲು ಕಷ್ಟ ಇರುವವರು, ಕೇಳಿಸದವರು, ಹೆದರುವವರು. ಇದರಲ್ಲಿ ಹಿರಿಯರೂ ಎಲ್ಲ ಕಡೆ ಬರುತ್ತಾರೆ, ಹುಡುಗರೂ ಬರುತ್ತಾರೆ. ಮುಂದಿನ ನಾಟಕಕ್ಕೆ ಒಂದು ಮಧ್ಯಾಹ್ನದ ಶೋ, ಒಂದು ರಿಲ್ಯಾಕ್ಸ್‌ಡ್ ಶೋ, ಒಂದು ಸನ್ನೆ ಭಾಷೆಯ ಶೋ ಅಂತ ಕೇಳೋಣ ಅಂತಿದ್ದೇನೆ. ಮೂರನ್ನೂ ಒಂದೇ ದಿನ ಮಾಡಿದರೆ ಖರ್ಚು ಉಳಿಯುತ್ತಾ?

ಸೌಂಡ್ ಡೆಸ್ಕ್

ದಯವಿಟ್ಟು ಬೇಡ. ರಿಲ್ಯಾಕ್ಸ್‌ಡ್ ಶೋನಲ್ಲಿ ಜನ ಎದ್ದು ಓಡಾಡುತ್ತಾರೆ. ಸನ್ನೆ ಭಾಷೆ ನೋಡುವವರಿಗೆ ದೃಷ್ಟಿಗೆ ಅಡ್ಡ ಬರಬಾರದು. ಒಬ್ಬರ ಅನುಕೂಲ ಇನ್ನೊಬ್ಬರ ಅಡ್ಡಿ ಆಗುತ್ತದೆ.

ಮಾತನ್ನು ಸನ್ನೆ ಭಾಷೆಯಲ್ಲಿ ಹೇಳುವವರಿಗೆ ನಾಟಕದ ಸ್ಕ್ರಿಪ್ಟನ್ನು ಮುಂಚೆಯೇ ಕೊಡಿ, ಒಂದೆರಡು ರಿಹರ್ಸಲ್‌ಗೆ ಕರೆಯಿರಿ. ಅವರು ವೇದಿಕೆಯ ಯಾವ ಬದಿ ನಿಲ್ಲುತ್ತಾರೆ ಅಂತ ನಿರ್ದೇಶಕರ ಜೊತೆ ಕೂತು ತೀರ್ಮಾನ ಮಾಡಿ, ಅವರ ಮೇಲೆ ಒಂದು ಸಣ್ಣ ಲೈಟು ಇರಲಿ. ಕತ್ತಲ ದೃಶ್ಯದಲ್ಲೂ ಅದು ಆರಬಾರದು.

ಕೌಂಟರ್ ಕಿಟಕಿ

ಟಿಕೆಟ್ ಬಿಡುವ ಮುಂಚೆಯೇ ಆ ಬದಿಯ ಮುಂದಿನ ಸಾಲುಗಳನ್ನು ಬ್ಲಾಕ್ ಮಾಡಿಸಿ. ಇಲ್ಲದಿದ್ದರೆ ಮೊದಲ ದಿನವೇ ಹಳಬರು ಬುಕ್ ಮಾಡಿ ಮುಗಿಸುತ್ತಾರೆ. ಕಿವುಡರ ಸಂಘಗಳಿಗೆ ನೇರವಾಗಿ ವಿಡಿಯೋದಲ್ಲಿ ಸನ್ನೆ ಮಾಡಿ ಆಹ್ವಾನ ಕಳಿಸಿ, ಪೋಸ್ಟರ್ ಸಾಲಲ್ಲ. ಶೋಗೆ ಒಂದು ವಾರ ಇರುವಾಗ ಉಳಿದ ಸೀಟನ್ನು ಎಲ್ಲರಿಗೂ ಬಿಡಿ. ಮೊದಲ ಸಲ ಅರ್ಧವೂ ತುಂಬದಿದ್ದರೆ ಕಮಿಟಿಯವರು "ನೋಡಿ, ಯಾರಿಗೂ ಬೇಡ" ಅನ್ನುತ್ತಾರೆ. ಅದಕ್ಕೇ ಒಂದು ಶೋಗೆ ಅನುಮತಿ ಕೇಳಬೇಡಿ, ಇಡೀ ಸೀಸನ್‌ಗೆ ಕೇಳಿ.